4 ಅಡಿ ಕಿಟಕಿ ತೆಗೆದು 8 ಅಡಿ ಸ್ಲೈಡಿಂಗ್ ಡೋರ್ ಹಾಕ್ಸೋದಕ್ಕೆ ಲಿಂಟೆಲ್ ಯಾವುದು ಸರಿ?

ಹಿತ್ಲಬಾಗ್ಲು

ಎಲ್ರಿಗೂ ನಮಸ್ಕಾರ. ನಮ್ಮ ಹಾಲ್‌ನಲ್ಲಿ ಹಿತ್ತಲ ಕಡೆಗೆ 4 ಅಡಿ ಅಗಲದ ಒಂದು ಕಿಟಕಿ ಇದೆ. ಅದನ್ನ ತೆಗೆದು, ಗೋಡೆನೂ ಎರಡೂ ಕಡೆ ಎರಡೆರಡು ಅಡಿ ಒಡೆದು, ನೆಲದವರೆಗೆ ಇಳಿಸಿ 8 ಅಡಿ ಅಗಲ 7 ಅಡಿ ಎತ್ತರದ ಗಾಜಿನ ಸ್ಲೈಡಿಂಗ್ ಡೋರ್ ಹಾಕ್ಸೋಣ ಅಂತ ಬಹಳ ದಿನದಿಂದ ಆಸೆ. ಗೋಡೆ 9 ಇಂಚಿಂದು, ಇಟ್ಟಿಗೆ. ಕಿಂಡಿ ಮೇಲಿನ ಭಾರ ಹೊರೋಕೆ ಅಡ್ಡ ಇಡೋ ತೊಲೆ, ಅದೇ ಲಿಂಟೆಲ್, ಯಾವುದು ಹಾಕ್ಸೋದು ಅನ್ನೋದೇ ಪ್ರಶ್ನೆ.

ಮೇಸ್ತ್ರಿ ಬಂದು ನೋಡಿ ಎರಡೇ ನಿಮಿಷದಲ್ಲಿ ಹೇಳ್ಬಿಟ್ರು, ಎರಡು ಇಂಚಿನ ಕಬ್ಬಿಣದ ಆಂಗಲ್ (L ಆಕಾರದ ಪಟ್ಟಿ) ಎರಡು ಕೊಡ್ತೀವಿ, ಮೇಲೆ ಎರಡು ವರಸೆ ಇಟ್ಟಿಗೆ ಹೊಸದಾಗಿ ಕಟ್ತೀವಿ, ಮೂರು ದಿನದ ಕೆಲಸ ಅಂತ. ಡೋರ್ ಮಾಡಿಕೊಡೋರು ಮಾತ್ರ ಆಂಗಲ್ ಬೇಡ ಕಾಂಕ್ರೀಟ್ ಲಿಂಟೆಲ್ಲೇ ಹಾಕ್ಸಿ ಅಂತಾರೆ, ಯಾಕೆ ಅಂದ್ರೆ ಅವ್ರಿಗೂ ಸರಿಯಾಗಿ ಹೇಳೋಕೆ ಬರ್ತಿಲ್ಲ. ರೆಡಿಮೇಡ್ ಲಿಂಟೆಲ್ ಸಿಗುತ್ತೆ ಅಂತ ಇನ್ನೊಬ್ರು. ನಂಗೆ ತಲೆ ಕೆಟ್ಟೋಗಿದೆ. ಆಂಗಲ್, ಐ ಬೀಮ್, ಎರಕದ ಲಿಂಟೆಲ್, ರೆಡಿಮೇಡ್ ಇದ್ರಲ್ಲಿ ಯಾವುದು? ಗೋಡೆ ಮೇಲೆ ಎಷ್ಟು ಕೂರ್ಬೇಕು? ಗೊತ್ತಿರೋರು ಸ್ವಲ್ಪ ಹೇಳಿ.

ಗಾರೆಕೈ

ಮೇಡಂ, ಲಿಂಟೆಲ್ ಯಾವುದು ಅನ್ನೋದು ಕೊನೇ ಪ್ರಶ್ನೆ. ಮೊದಲು ಅದರ ಮೇಲೆ ಏನು ಕೂತಿದೆ ಅನ್ನೋದು ಗೊತ್ತಾಗ್ಬೇಕು, ಅದು ಗೊತ್ತಿಲ್ದೆ ಯಾರು ಏನು ಹೇಳಿದ್ರೂ ಅಂದಾಜೇ.

ನಿಮ್ಮ ಮನೆ ಪಿಲ್ಲರ್ ಮನೆನಾ ಇಲ್ಲ ಗೋಡೆ ಮೇಲೇ ಸ್ಲ್ಯಾಬ್ ಕೂತಿರೋದಾ? ಪಿಲ್ಲರ್ ಬೀಮ್ ಇರೋ ಮನೆ ಆದ್ರೆ ಸ್ಲ್ಯಾಬ್ ಭಾರ ಬೀಮ್ ಹೊತ್ಕೊಳ್ಳುತ್ತೆ, ನಿಮ್ಮ ಗೋಡೆ ಬರೀ ಮರೆಗೆ ಇರೋದು, ಲಿಂಟೆಲ್ ತನ್ನ ಮೇಲಿನ ನಾಲ್ಕು ವರಸೆ ಇಟ್ಟಿಗೆ ಹೊತ್ರೆ ಸಾಕು, ಅಂಥ ಕಡೆ ಚಿಕ್ಕದರಲ್ಲೇ ಮುಗಿಯುತ್ತೆ. ಗೋಡೆ ಮೇಲೆ ಸ್ಲ್ಯಾಬ್ ಇದ್ರೆ ಕಥೆನೇ ಬೇರೆ. ತಿಳ್ಕೊಳ್ಳೋದು ಹೇಗೆ ಅಂದ್ರೆ ಟೆರೇಸ್ ಹತ್ತಿ ಮೂಲೆಗಳಲ್ಲಿ ಕಂಬಿ ಬಿಟ್ಟಿರೋ ಗುರುತು ಇದೆಯಾ ನೋಡಿ, ಹಾಲ್ ಒಳಗೆ ಸೂರು ಗೋಡೆ ಸೇರೋ ಕಡೆ ಬೀಮ್ ಇಳಿದಿದೆಯಾ ನೋಡಿ. 9 ಇಂಚಿನ ಗೋಡೆಲಿ ಬೀಮ್, ಪಿಲ್ಲರ್ ಎರಡೂ ಪ್ಲಾಸ್ಟರ್ ಒಳಗೆ ಮುಚ್ಚಿ ಹೋಗಿರ್ತವೆ, ಕಣ್ಣಿಗೆ ಕಾಣಲಿಲ್ಲ ಅಂತ ಇಲ್ಲ ಅಂದ್ಕೋಬೇಡಿ, ಮೂಲೆಲಿ ಒಂದು ಕಡೆ ಪ್ಲಾಸ್ಟರ್ ಕೆತ್ತಿ ನೋಡಿದ್ರೆ ಇಟ್ಟಿಗೆನೋ ಕಾಂಕ್ರೀಟೋ ಗೊತ್ತಾಗುತ್ತೆ.

ಆಮೇಲೆ ಹಾಲ್ ಅಳತೆ, ಕಿಟಕಿ ಮೇಲಿಂದ ಸ್ಲ್ಯಾಬ್‌ವರೆಗೆ ಎಷ್ಟು ಗೋಡೆ ಇದೆ, ಮೇಲೆ ಇನ್ನೊಂದು ಮಹಡಿ ಇದೆಯಾ, ಟೆರೇಸ್ ಆದ್ರೆ ನೀರಿನ ಟ್ಯಾಂಕ್ ಎಲ್ಲಿದೆ, ಹೊರಗಡೆ ಸಜ್ಜಾ ಇದೆಯಾ ಇಷ್ಟು ಹೇಳಿ.

ರೆಡಿಮೇಡ್‌ರಾಯ

ಇಷ್ಟೆಲ್ಲ ತಲೆ ಯಾಕೆ ಕೆಡಿಸ್ಕೊಳ್ತೀರಾ, ಪ್ರೀಸ್ಟ್ರೆಸ್ಡ್ ಲಿಂಟೆಲ್ (ಒಳಗಿನ ಕಂಬಿನ ಎಳೆದು ಬಿಗಿ ಮಾಡಿ ಎರಕ ಹಾಕಿರೋದು) ತಂದು ಇಟ್ರೆ ಮುಗೀತು. ಫ್ಯಾಕ್ಟರಿ ಮಾಲು, ಕ್ಯೂರಿಂಗ್ ಅಂತ ಕಾಯೋದಿಲ್ಲ, ಇಬ್ರು ಎತ್ತಿ ಇಡಬಹುದು, ನಾನು ಮೂರು ಕಿಟಕಿಗೆ ಹಾಕ್ಸಿದೀನಿ ಏನೂ ಆಗಿಲ್ಲ.

ಲೆಕ್ಕದಪುಸ್ತಕ

ರಾಯರೇ, ಕಿಟಕಿಗೆ ಹಾಕ್ಸಿದ್ದು ಸರಿ, ಆದ್ರೆ ಇಲ್ಲಿ ಸ್ವಲ್ಪ ತಡೀರಿ. ತೆಳ್ಳಗಿನ ಪ್ರೀಸ್ಟ್ರೆಸ್ಡ್ ಲಿಂಟೆಲ್‌ಗಳಲ್ಲಿ ಬಹಳಷ್ಟು ತಾವೇ ಭಾರ ಹೊರೋ ಥರದ್ದಲ್ಲ. ಮೇಲೆ ಕಟ್ಟೋ ಇಟ್ಟಿಗೆ ವರಸೆಗಳ ಜೊತೆ ಸೇರಿ ಒಂದೇ ಬೀಮ್ ಥರ ಕೆಲಸ ಮಾಡ್ತವೆ, ಮೇಲಿನ ಗಾರೆ ಗಟ್ಟಿಯಾಗೋವರೆಗೆ ಕೆಳಗೆ ಪ್ರಾಪ್ (ತಾತ್ಕಾಲಿಕ ಊರುಗಂಬ) ಇರ್ಲೇಬೇಕು. ಮೇಲೆ ಬೇಕಾದಷ್ಟು ವರಸೆ ಇಲ್ದಿದ್ರೆ, ಅಥವಾ ಹಳೇ ಗೋಡೆ ಕೆಳಗೆ ತುರುಕಿದ್ರೆ, ಆ ಬಲ ಬರೋದಿಲ್ಲ. ರೆಡಿಮೇಡ್ ತಗೊಳ್ಳೋದೇ ಆದ್ರೆ ತಯಾರಕರ ಟೇಬಲ್‌ನಲ್ಲಿ ಆ ಸ್ಪ್ಯಾನ್‌ಗೆ (ಎರಡು ಆಧಾರದ ನಡುವಿನ ದೂರಕ್ಕೆ) ಒಂಟಿಯಾಗಿ ಎಷ್ಟು ಭಾರ ತಡೆಯುತ್ತೆ ಅಂತ ಬರೆದಿರೋದನ್ನೇ ನೋಡ್ಬೇಕು. ಮತ್ತೆ ಕಂಬಿ ಇರೋ ಮಗ್ಗುಲು ಕೆಳಗೇ ಬರ್ಬೇಕು, ತಲೆಕೆಳಗಾಗಿ ಇಟ್ಟಿರೋದನ್ನ ಕಣ್ಣಾರೆ ನೋಡಿದೀನಿ, ನಗ್ಬೇಕೋ ಅಳ್ಬೇಕೋ.

ಹಿತ್ಲಬಾಗ್ಲು

ಇವತ್ತು ಎಲ್ಲ ಅಳತೆ ತೆಗೆದೆ. ಪಿಲ್ಲರ್ ಇಲ್ಲ, ಎರಡು ಮೂಲೆಲಿ ಕೆತ್ತಿ ನೋಡಿಸ್ದೆ ಬರೀ ಇಟ್ಟಿಗೆ. ಸ್ಲ್ಯಾಬ್ ನೇರ ಗೋಡೆ ಮೇಲೇ ಕೂತಿದೆ. ಹಾಲ್ ಹಿತ್ತಲ ಗೋಡೆಯಿಂದ ಎದುರು ಗೋಡೆಗೆ 13 ಅಡಿ, ಈ ಗೋಡೆ ಉದ್ದ ಮಾತ್ರ 27 ಅಡಿ, ಹಾಲ್ ಡೈನಿಂಗ್ ಸೇರಿ ಒಂದೇ ಉದ್ದದ ಕೋಣೆ. ಹಳೇ ಲಿಂಟೆಲ್ 7 ಅಡಿ ಎತ್ತರದಲ್ಲಿದೆ, ಅದು 6 ಇಂಚು ದಪ್ಪ, ಅದರ ಮೇಲೆ ಸ್ಲ್ಯಾಬ್‌ವರೆಗೆ ಎರಡೂವರೆ ಅಡಿ ಇಟ್ಟಿಗೆ. ಮೇಲೆ ಮಹಡಿ ಇಲ್ಲ, ಟೆರೇಸ್, ಅಂಚಲ್ಲಿ 3 ಅಡಿ ಪ್ಯಾರಪೆಟ್, ಅದು ನಾಲ್ಕೂವರೆ ಇಂಚಿಂದು. ಟ್ಯಾಂಕ್ ಇನ್ನೊಂದು ತುದಿಲಿದೆ. ಸಜ್ಜಾ ಇದೆ, ಎರಡು ಅಡಿ ಹೊರಗೆ ಬಂದಿದೆ.

ಒಂದು ಅರ್ಥ ಆಗ್ತಿಲ್ಲ, ಈಗಿರೋ 6 ಇಂಚಿನ ಲಿಂಟೆಲ್ ಇಷ್ಟು ವರ್ಷ ಒಂದು ಬಿರುಕಿಲ್ದೆ ನಿಂತಿದೆ ಅಲ್ವಾ, ಅದೇ ಥರದ್ದು ಸ್ವಲ್ಪ ಉದ್ದ ಮಾಡಿ ಹಾಕಿದ್ರೆ ಯಾಕೆ ಆಗಲ್ಲ?

ಲೆಕ್ಕದಪುಸ್ತಕ

ಅಳತೆ ಕೊಟ್ಟಿದ್ದು ಒಳ್ಳೇದಾಯ್ತು ಮೇಡಂ, ನಿಮ್ಮ ಆ ಕೊನೇ ಪ್ರಶ್ನೆಲೇ ಎಲ್ಲ ಇದೆ, ಸ್ವಲ್ಪ ಉದ್ದ ಆಗುತ್ತೆ ಓದ್ಕೊಳ್ಳಿ.

ಇಟ್ಟಿಗೆ ಗೋಡೆಲಿ ಕಿಂಡಿ ಮಾಡಿದ್ರೆ ಅದರ ಮೇಲಿರೋ ಇಡೀ ಗೋಡೆ ಲಿಂಟೆಲ್ ಮೇಲೆ ಬೀಳೋದಿಲ್ಲ. ಇಟ್ಟಿಗೆ ಒಂದಕ್ಕೊಂದು ಕಚ್ಕೊಂಡಿರೋದ್ರಿಂದ ಭಾರ ಕಮಾನಿನ ಥರ ಅಕ್ಕಪಕ್ಕಕ್ಕೆ ಇಳಿದು ಹೋಗುತ್ತೆ, ಕಿಂಡಿ ಮೇಲೆ ಒಂದು ತ್ರಿಕೋನದಷ್ಟು ಇಟ್ಟಿಗೆ ಮಾತ್ರ ಲಿಂಟೆಲ್ ಪಾಲಿಗೆ. ಹಳೇ ಕಟ್ಟಡದ ಲಿಂಟೆಲ್ ಕೊಳೆತು ಬಿದ್ದಾಗ ನೋಡಿ, ಮೇಲಿನ ಗೋಡೆ ತ್ರಿಕೋನ ಆಕಾರದಲ್ಲೇ ಉದುರಿರುತ್ತೆ. ಇಳಿಜಾರು 45 ಡಿಗ್ರಿ ಹಿಡಿದ್ರೆ ತ್ರಿಕೋನದ ಎತ್ತರ ಸ್ಪ್ಯಾನ್‌ನ ಅರ್ಧ. ಕೆಲವರು ಜಾಸ್ತಿ ಹುಷಾರಿಗೆ 60 ಹಿಡೀತಾರೆ, ಆಗ ಎತ್ತರ ಇನ್ನೂ ಜಾಸ್ತಿ ಬರುತ್ತೆ.

ನಿಮ್ಮ 4 ಅಡಿ ಕಿಟಕಿಗೆ ಕೂರೋ ಭಾಗ ಸೇರಿ ನಾಲ್ಕೂವರೆ ಅಡಿ ಸ್ಪ್ಯಾನ್ ಅನ್ನಿ. 45 ಲೆಕ್ಕದಲ್ಲಿ ತ್ರಿಕೋನದ ತುದಿ ಎರಡೂಕಾಲು ಅಡಿ ಎತ್ತರಕ್ಕೆ ಹೋಗಿ ನಿಲ್ಲುತ್ತೆ, ಸ್ಲ್ಯಾಬ್ ಇರೋದು ಎರಡೂವರೆ ಅಡಿಲಿ. ಅಂದ್ರೆ ಸ್ಲ್ಯಾಬ್ ಕೂದಲೆಳೆಯಲ್ಲಿ ತಪ್ಪಿಸ್ಕೊಂಡಿದೆ, ಹಳೇ ಲಿಂಟೆಲ್ ಇಷ್ಟು ವರ್ಷ ಹೊತ್ತಿದ್ದು ಹೆಚ್ಚುಕಡಿಮೆ 225 ಕೆಜಿ ಇಟ್ಟಿಗೆ ಅಷ್ಟೆ. ಬಿರುಕು ಬಿಡೋವಷ್ಟು ಕಷ್ಟ ಅದಕ್ಕೇನಿತ್ತು ಹೇಳಿ. ಈಗ 8 ಅಡಿ ಮಾಡಿದ್ರೆ ತ್ರಿಕೋನದ ತುದಿ ನಾಲ್ಕು ಅಡಿ ದಾಟುತ್ತೆ, ಸ್ಲ್ಯಾಬ್ ಅದರ ಹೊಟ್ಟೆ ಮಧ್ಯ ಬಂದು ಕೂರುತ್ತೆ, ಕಮಾನು ಕಟ್ಟೋಕೆ ಬೇಕಾದಷ್ಟು ಗೋಡೆ ಮೇಲೆ ಇಲ್ಲ. ಹಾಗಾಗಿ ತ್ರಿಕೋನ ಮರೆತು ಮೇಲಿರೋದೆಲ್ಲ ಲಿಂಟೆಲ್ ಮೇಲೇ ಅಂತ ಲೆಕ್ಕ ಹಾಕ್ಬೇಕು.

ಮೀಟರ್‌ನಲ್ಲಿ ಹಾಕ್ತೀನಿ. ಹಾಲ್ ಉದ್ದ ಅಗಲದ ಎರಡು ಪಟ್ಟಿಗಿಂತ ಜಾಸ್ತಿ ಇರೋದ್ರಿಂದ ಸ್ಲ್ಯಾಬ್ ಗಿಡ್ಡ ದಿಕ್ಕಲ್ಲೇ ಭಾರ ಒಯ್ಯುತ್ತೆ, ಅಂದ್ರೆ ನಿಮ್ಮ ಹಿತ್ತಲ ಗೋಡೆ ಮತ್ತೆ ಎದುರು ಗೋಡೆ ಇವೆರಡೇ ಹೊತ್ಕೊಂಡಿರೋದು. 13 ಅಡಿ ಅಂದ್ರೆ 4 ಮೀಟರ್, ಅರ್ಧ 2 ಮೀಟರ್ ಈ ಗೋಡೆಗೆ. ಸ್ಲ್ಯಾಬ್ 5 ಇಂಚು ಅಂದ್ಕೊಂಡ್ರೆ ಚದರ ಮೀಟರ್‌ಗೆ 310 ಕೆಜಿ ಚಿಲ್ಲರೆ, ಮೇಲಿನ ವಾಟರ್‌ಪ್ರೂಫಿಂಗ್ ಇಳಿಜಾರು ಗಾರೆ 150, ಜನ ಓಡಾಟಕ್ಕೆ 150, ಒಟ್ಟು 610. ಎರಡು ಮೀಟರ್‌ಗೆ 1,220 ಕೆಜಿ. ಇಟ್ಟಿಗೆ ಗೋಡೆ 345, ಪ್ಯಾರಪೆಟ್ 205, ಲಿಂಟೆಲ್ ಸ್ವಂತ ತೂಕ 170. ಮೀಟರ್‌ಗೆ 1,940 ಕೆಜಿ ಆಯ್ತು, 2.6 ಮೀಟರ್ ಸ್ಪ್ಯಾನ್‌ಗೆ ಹತ್ರ ಹತ್ರ 5 ಟನ್.

225 ಕೆಜಿ ಇದ್ದಿದ್ದು 5 ಟನ್. ಅದಕ್ಕೇ "ಸ್ವಲ್ಪ ಉದ್ದ" ಆಗಲ್ಲ.

ಮೇಸ್ತ್ರಿ ಹೇಳಿದ ಎರಡು ಇಂಚಿನ ಆಂಗಲ್, 6 ಮಿ.ಮೀ. ದಪ್ಪದ್ದು ಅಂತ ಇಟ್ಕೊಂಡು ಎರಡಕ್ಕೆ ಲೆಕ್ಕ ಹಾಕ್ದೆ, ಮಾಮೂಲಿ ಕಬ್ಬಿಣ ಬಗ್ಗೋಕೆ ಶುರು ಆಗೋ ಮಟ್ಟಕ್ಕಿಂತ ಒಂಬತ್ತು ಪಟ್ಟು ಜಾಸ್ತಿ ಒತ್ತಡ ಬಂತು. ಅಂಚಿನ ಕೇಸಲ್ಲ, ಹತ್ರಕ್ಕೇ ಬರಲ್ಲ. ಪಿಲ್ಲರ್ ಮನೆಲಿ ಮರೆಗೋಡೆಗೆ ಹಾಕಿ ಅಭ್ಯಾಸ ಇರುತ್ತೆ, ಅದೇ ಕೈಲಿ ಇಲ್ಲೂ ಹೇಳಿದಾರೆ ಅನ್ಸುತ್ತೆ, ಅವರನ್ನ ಬೈಯೋದು ಬೇಡ.

ಜಾರದಬಾಗಿಲು

ನನ್ನ ಹೆಸರು ನೋಡಿದ್ರೇ ಗೊತ್ತಾಗಿರ್ಬೇಕು. ನಮ್ಮನೇಲಿ ಇದೇ ಥರ 7 ಅಡಿ ಮಾಡಿಸಿದ್ವಿ, ಲಿಂಟೆಲ್ ಮುರೀಲಿಲ್ಲ, ಮನೆನೂ ಬೀಳ್ಲಿಲ್ಲ, ಆದ್ರೆ ಬಾಗಿಲು ಜಾರೋದು ನಿಲ್ತು. ಎರಕ ಹಾಕಿ ನಾಲ್ಕನೇ ದಿನ ಪ್ರಾಪ್ ಬೇರೆ ಸೈಟ್‌ಗೆ ಬೇಕು ಅಂತ ಕಿತ್ಕೊಂಡು ಹೋದ್ರು, ನಾವೂ ಗೊತ್ತಿಲ್ದೆ ಸುಮ್ನಿದ್ವಿ. ಮೊದಲ ತಿಂಗಳು ಬಾಗಿಲು ಬೆಣ್ಣೆ ಥರ ಓಡ್ತಿತ್ತು, ಆಮೇಲೆ ಮಧ್ಯದಲ್ಲಿ ಬಿಗಿ ಹಿಡಿಯೋಕೆ ಶುರು, ಮೂರು ತಿಂಗಳಿಗೆ ಒಂದು ಬದಿ ಬಾಗಿಲು ಅಲ್ಲಾಡ್ಲೇ ಇಲ್ಲ. ಮೇಲೆ ದಾರ ಕಟ್ಟಿ ನೋಡಿದ್ರೆ ಲಿಂಟೆಲ್ ಮಧ್ಯ 9 ಮಿ.ಮೀ. ಇಳಿದಿದೆ. ಬಾಗಿಲ ಫ್ರೇಮ್‌ನ ಲಿಂಟೆಲ್‌ಗೆ ತಾಗಿಸಿ ಗಾರೆ ತುಂಬಿ ಬಿಗಿ ಮಾಡಿದ್ರಿಂದ ಭಾರ ನೇರ ಫ್ರೇಮ್ ಮೇಲೆ ಬಂದಿತ್ತು.

ಫ್ರೇಮ್ ಕಿತ್ತು ಮೇಲೆ ಜಾಗ ಬಿಟ್ಟು ಮತ್ತೆ ಕೂರಿಸ್ಬೇಕಾಯ್ತು. ಆ ಬಿರುಕು ಮಾತ್ರ ಲಿಂಟೆಲ್ ಮೂಲೆಯಿಂದ ಓರೆಯಾಗಿ ಮೇಲಕ್ಕೆ ಹೋಗಿದ್ದು ಇನ್ನೂ ಪೇಂಟ್ ಒಳಗಿಂದ ಇಣುಕುತ್ತೆ.

ಲೆಕ್ಕದಪುಸ್ತಕ

ಇವರು ಹೇಳಿದ್ದು ಬಹಳ ಮುಖ್ಯ. ಕಿಟಕಿಲಿ ನಾವು ನೋಡೋದು ಲಿಂಟೆಲ್ ಮುರಿಯುತ್ತಾ ಇಲ್ವಾ ಅಂತ, ಸ್ಲೈಡಿಂಗ್ ಡೋರ್‌ನಲ್ಲಿ ಮುರಿಯೋದಕ್ಕಿಂತ ಮುಂಚೆನೇ ಬಗ್ಗೋದು ತೊಂದ್ರೆ ಕೊಡುತ್ತೆ. ಮೀಟರ್‌ಗೆ ಅದೇ ಭಾರ ಇದ್ರೂ ಸ್ಪ್ಯಾನ್ ಎರಡು ಪಟ್ಟಾದ್ರೆ ಮಧ್ಯದ ಬಾಗು 16 ಪಟ್ಟು. ಸ್ಪ್ಯಾನ್‌ನ 360ರಲ್ಲಿ ಒಂದು ಭಾಗ ಅನ್ನೋ ಮಾಮೂಲಿ ಮಿತಿ ಹಿಡಿದ್ರೆ ಇಲ್ಲಿ 7 ಮಿ.ಮೀ. ಬರುತ್ತೆ, ಗಾಜಿನ ಬಾಗಿಲ ಟ್ರ್ಯಾಕ್‌ಗೆ ಅದೂ ಜಾಸ್ತಿನೇ. ಡೋರ್ ಮಾಡೋರ ಹತ್ರ ಮೇಲೆ ಎಷ್ಟು ಜಾಗ ಬಿಡ್ಬೇಕು ಅಂತ ಬರೆಸಿಕೊಳ್ಳಿ, ಆ ಜಾಗಕ್ಕೆ ಫೋಮ್ ಸೀಲೆಂಟ್ ಮಾತ್ರ, ಗಾರೆ ಬೇಡ.

ನಿಮ್ಮ 5 ಟನ್‌ಗೆ ಎರಡು ದಾರಿ ಕಾಣುತ್ತೆ. 150 ಮಿ.ಮೀ. ಕಬ್ಬಿಣದ ಚಾನೆಲ್ (C ಆಕಾರದ ತೊಲೆ) ಎರಡನ್ನ ಬೆನ್ನಿಗೆ ಬೆನ್ನು ಕೊಟ್ಟು ಬೋಲ್ಟ್ ಹಾಕಿದ್ರೆ ಒತ್ತಡ ಆರಾಮಾಗಿ ಮಿತಿ ಒಳಗೇ ಇದೆ, ಬಾಗು 4 ಮಿ.ಮೀ. ಒಳಗೆ. ಇಲ್ಲ 9 ಇಂಚು ಅಗಲ 12 ಇಂಚು ಎತ್ತರದ ಆರ್‌ಸಿಸಿ (ಕಂಬಿ ಹಾಕಿದ ಕಾಂಕ್ರೀಟ್), ಕೆಳಗೆ 12 ಮಿ.ಮೀ. ಕಂಬಿ ಮೂರು, ಮೇಲೆ ಎರಡು, 8 ಮಿ.ಮೀ. ರಿಂಗ್ ಆರು ಇಂಚಿಗೊಂದು. ಇದು ಮಾತಿಗೆ ಹೇಳಿದ್ದು ಮೇಡಂ, ಡಿಸೈನ್ ಅಲ್ಲ, ನಾನು ನಿಮ್ಮ ಗೋಡೆ ನೋಡಿಲ್ಲ. ಸ್ಟ್ರಕ್ಚರಲ್ ಇಂಜಿನಿಯರ್ ಒಬ್ರನ್ನ ಕರೆಸಿ ಸಹಿ ಹಾಕಿದ ಡ್ರಾಯಿಂಗ್ ತಗೊಳ್ಳಿ, ಅನುಮತಿ ಬೇಕಾಗುತ್ತಾ ಅಂತನೂ ಅವರೇ ಹೇಳ್ತಾರೆ.

ಗಾರೆಕೈ

ಲೆಕ್ಕ ಸರಿಯಾಗಿದೆ. ಆದ್ರೆ ಹಳೇ ಗೋಡೆ ಕೆಳಗೆ ಎರಕ ಹಾಕೋದು ಹೇಳಿದಷ್ಟು ಸುಲಭ ಅಲ್ಲ, ನನ್ನ ಕೇಳಿದ್ರೆ ಚಾನೆಲ್ಲೇ ಸರಿ. ಯಾಕೆ ಅಂದ್ರೆ ಎರಕದಲ್ಲಿ ಇಡೀ 8 ಅಡಿ ಒಂದೇ ಸಲ ಖಾಲಿ ಮಾಡ್ಬೇಕು, ಮೇಲಿನ ಇಟ್ಟಿಗೆ ಅಡಿಗೆ ಕಾಂಕ್ರೀಟ್ ತುಂಬೋದಿಲ್ಲ, ಗಾಳಿ ನಿಲ್ಲುತ್ತೆ, ಆಮೇಲೆ ಪ್ರಾಪ್ ಕನಿಷ್ಠ 14 ದಿನ ಮುಟ್ಟಂಗಿಲ್ಲ. ಚಾನೆಲ್ ಆದ್ರೆ ಗೋಡೆ ದಪ್ಪದಲ್ಲಿ ಅರ್ಧ ಮಾತ್ರ ಹೊರಗಡೆಯಿಂದ ಕೊರೆದು ಒಂದು ಚಾನೆಲ್ ಕೂರಿಸಿ, ಅದರ ಮೇಲೆ ಗಾರೆ ಗಿಡಿದು ಗಟ್ಟಿಯಾದ್ಮೇಲೆ ಒಳಗಡೆಯಿಂದ ಇನ್ನರ್ಧ ಕೊರೆದು ಎರಡನೇದು ಕೂರಿಸಿ, ಎರಡನ್ನೂ ಸೇರಿಸಿ ಬೋಲ್ಟ್ ಹಾಕಿ, ಆಮೇಲೆ ಕೆಳಗಿನ ಗೋಡೆ ಒಡೀಬಹುದು. ಅಂದ್ರೆ ಬಾಗಿಲಿನ ಕಿಂಡಿ ತೆರೆಯೋ ಹೊತ್ತಿಗೆ ಹೊರೋ ಸಾಮಾನು ಮೇಲೆ ತಯಾರಾಗಿರುತ್ತೆ.

ಹಾಗಂತ ಪ್ರಾಪ್ ಬೇಡ ಅಂತಲ್ಲ. ಹಾಲ್ ಒಳಗೆ ಗೋಡೆಯಿಂದ ಎರಡು ಮೂರು ಅಡಿ ದೂರಕ್ಕೆ ಸ್ಲ್ಯಾಬ್ ಕೆಳಗೆ ಒಂದು ಮರದ ತೊಲೆ ಕೊಟ್ಟು ಮೂರಡಿಗೊಂದು ಜಾಕಿ ನಿಲ್ಲಿಸ್ಬೇಕು, ಕೆಳಗೂ ಹಲಗೆ ಹಾಸಿ, ಬರೀ ಟೈಲ್ಸ್ ಮೇಲೆ ನಿಲ್ಲಿಸಿದ್ರೆ ಟೈಲ್ಸ್ ಹೋಗುತ್ತೆ. ಜಾಕಿನ ಬಿಗಿ ಮಾಡ್ಬೇಕು, ಎತ್ತಬಾರ್ದು, ಸ್ಲ್ಯಾಬ್ ಎತ್ತೋಕೆ ಹೋದ್ರೆ ಮೇಲಿಂದ ಬಿರುಕು ಬರುತ್ತೆ.

ಇನ್ನು ಗಾರೆ ಗಿಡಿಯೋದು. ಚಾನೆಲ್‌ಗೂ ಮೇಲಿನ ಇಟ್ಟಿಗೆಗೂ ಮಧ್ಯ ಒಂದಿಂಚು ಸಂದು ಉಳಿಯುತ್ತಲ್ಲ, ಅದನ್ನ ನೀರು ಗಾರೆ ಹಾಕಿ ಕರಣೆಲಿ ಸವರಿ ಬಿಡ್ತಾರೆ, ಅದು ಒಣಗಿ ಕುಗ್ಗುತ್ತೆ, ಅಷ್ಟು ಕುಗ್ಗಿದ್ದನ್ನ ತುಂಬೋಕೆ ಮೇಲಿನ ಗೋಡೆ ಇಳಿಯುತ್ತೆ, ಜಾರದಬಾಗಿಲು ಅವರ ಓರೆ ಬಿರುಕು ಅರ್ಧ ಇದರಿಂದಲೂ ಬಂದಿರಬಹುದು. ಒಂದು ಪಾಲು ಸಿಮೆಂಟಿಗೆ ಮೂರು ಪಾಲು ಮರಳಿನ ಗಾರೆನ ಮುಷ್ಟಿ ಹಿಡಿದ್ರೆ ಉಂಡೆ ಆಗೋವಷ್ಟೇ ನೀರು ಹಾಕಿ ಕಲಸಿ, ಮರದ ತುಂಡಿಟ್ಟು ಸುತ್ತಿಗೆಲಿ ಹೊಡೆದು ಹೊಡೆದು ತುಂಬ್ಬೇಕು. ಕುಗ್ಗದ ಗ್ರೌಟ್ ಸಿಕ್ರೆ ಇನ್ನೂ ಒಳ್ಳೇದು. ಬೋರು ಕೆಲಸ, ಯಾರೂ ಮನಸ್ಸಿಟ್ಟು ಮಾಡಲ್ಲ, ನೀವು ಅವತ್ತು ಪಕ್ಕದಲ್ಲೇ ನಿಂತ್ಕೊಳ್ಳಿ.

ಗೋಡೆ ಮೇಲೆ ಎಷ್ಟು ಕೂರ್ಬೇಕು ಅಂತ ಕೇಳಿದ್ರಲ್ಲ, ಎರಡೂ ಕಡೆ 6 ಇಂಚು ಅನ್ನೋದು ಕನಿಷ್ಠ, ನಿಮ್ಮ ಭಾರಕ್ಕೆ ನಾನಾದ್ರೆ 8-9 ಇಂಚು ಕೊಡ್ತೀನಿ. ಒಂದೊಂದು ತುದಿಗೆ ಎರಡೂವರೆ ಟನ್ ಇಳಿಯುತ್ತೆ, ಬರೀ ಇಟ್ಟಿಗೆ ಮೇಲೆ ಇಟ್ರೆ ಅದು ಪುಡಿಯಾಗೋ ಚಾನ್ಸ್ ಇದೆ, ತುದಿ ಕೆಳಗೆ ಒಂದು ಕಾಂಕ್ರೀಟ್ ಬೆಡ್ ಬ್ಲಾಕ್ ಹಾಕ್ಸಿ, ಭಾರ ಹರಡ್ಲಿ. ಹಳೇ ಸುಣ್ಣದ ಗಾರೆ ಗೋಡೆ ಆದ್ರಂತೂ ಬಿಡ್ಲೇಬೇಡಿ.

ರೆಡಿಮೇಡ್‌ರಾಯ

ಸರಿ ಗುರು ಒಪ್ಕೊಂಡೆ, ಆದ್ರೆ ಕಬ್ಬಿಣ ತುಕ್ಕು ಹಿಡಿಯಲ್ವಾ? ಕಾಂಕ್ರೀಟ್‌ಗೆ ಆ ಗೋಳಿಲ್ಲ.

ಗಾರೆಕೈ

ಹಿಡಿಯುತ್ತೆ, ಹಿಡಿದ್ರೆ ಉಬ್ಬುತ್ತೆ, ಉಬ್ಬಿದ್ರೆ ಮೇಲಿನ ವರಸೆನೇ ಎತ್ತುತ್ತೆ. ಗ್ಯಾಲ್ವನೈಸ್ ಮಾಡಿಸಿ ತಂದ್ರೆ ಉತ್ತಮ, ಇಲ್ಲ ಅಂದ್ರೆ ತುಕ್ಕು ಪೂರ್ತಿ ಉಜ್ಜಿ ಪ್ರೈಮರ್ ಎರಡು ಕೋಟು, ಬೋಲ್ಟ್ ತೂತು ಕೊರೆದ ಜಾಗಕ್ಕೂ ಬಿಡ್ದಂಗೆ. ಸುತ್ತ ಜಾಳಿಗೆ ಕಟ್ಟಿ ದಪ್ಪಕ್ಕೆ ಪ್ಲಾಸ್ಟರ್ ಮಾಡಿದ್ರೆ ಬೆಂಕಿಗೂ ಒಂದು ಮರೆ ಆಗುತ್ತೆ. ಬರೀ ಕಬ್ಬಿಣ ಬಿಸಿ ಏರಿದ್ರೆ ಬೇಗ ಬಲ ಕಳ್ಕೊಳ್ಳುತ್ತೆ. ಕಾಂಕ್ರೀಟ್‌ಗೆ ಗೋಳಿಲ್ಲ ಅನ್ನೋದೂ ಪೂರ್ತಿ ನಿಜ ಅಲ್ಲ ರಾಯರೇ, ಕಂಬಿ ಸುತ್ತ ಕಾಂಕ್ರೀಟ್ ಕವರ್ ಕಮ್ಮಿ ಬಿಟ್ರೆ ಒಳಗೇ ತುಕ್ಕು ಹಿಡಿದು ಸಿಪ್ಪೆ ಏಳುತ್ತೆ.

ಅಯ್ಯೋ ಸಜ್ಜಾ ಮರ್ತೇಬಿಟ್ಟೆ. ಮೇಡಂ, ಸಜ್ಜಾನ ಹಳೇ ಲಿಂಟೆಲ್ ಜೊತೆ ಒಟ್ಟಿಗೇ ಎರಕ ಹಾಕಿರ್ತಾರೆ, ಅದು ಹೊರಗೆ ಬಗ್ಗಿ ಬೀಳದೇ ಇರೋದು ಲಿಂಟೆಲ್ ಮೇಲಿನ ಗೋಡೆ ಭಾರಕ್ಕೆ. ಮೇಲಿನ ಇಟ್ಟಿಗೆ ಕೊರೆದ ತಕ್ಷಣ ಹಿಡಿದಿರೋ ಕೈ ಬಿಟ್ಟಂಗೆ, ಎರಡು ಅಡಿ ಕಾಂಕ್ರೀಟ್ ಕೆಳಗೆ ನಿಂತೋರ ತಲೆ ಮೇಲೆ. ಮೊದಲ ದಿನದ ಮೊದಲ ಕೆಲಸ ಸಜ್ಜಾ ಕೆಳಗೆ ಹೊರಗಿಂದ ಪ್ರಾಪ್ ಕೊಟ್ಟು ಅದನ್ನ ತುಂಡು ತುಂಡಾಗಿ ಕತ್ತರಿಸಿ ಇಳಿಸೋದು, ಸುತ್ತಿಗೆಲಿ ಗುದ್ದಿ ಬೀಳ್ಸೋದಲ್ಲ. ಹೊಸ ಚಾನೆಲ್‌ಗೆ ಮತ್ತೆ ಕಾಂಕ್ರೀಟ್ ಸಜ್ಜಾ ನೇತು ಹಾಕೋ ಯೋಚ್ನೆ ಬೇಡ, ಲಿಂಟೆಲ್‌ನ ತಿರುಚುತ್ತೆ. ಹಗುರದ ಶೀಟ್ ಮರೆ ಸಾಕು.

ಮಳೆಗಾಲ

ಮೇಲಿಂದೆಲ್ಲ ಹೇಳಿದ್ರಿ, ಕೆಳಗಿಂದು ಒಂದು ಮಾತು. ಕಿಟಕಿ ಕೆಳಗಿನ ಗೋಡೆ ಒಡೀವಾಗ ನೆಲದ ಮಟ್ಟಕ್ಕೆ ನಿಲ್ಲಿಸಿ, ಪಾಯದ ಮೇಲಿನ ಪಟ್ಟಿ ಬೀಮ್ ಇದ್ರೆ ಅದನ್ನ ಟ್ರ್ಯಾಕ್ ಕೂರಿಸೋಕೆ ಅಂತ ಕೆತ್ತಬೇಡಿ. ಹೊರಗಿನ ನೆಲ ಒಳಗಿನದಕ್ಕಿಂತ ಕನಿಷ್ಠ ಆರಿಂಚು ಕೆಳಗಿರ್ಲಿ, ಸಮ ಮಾಡಿದ್ರೆ ಚೆನ್ನಾಗಿ ಕಾಣುತ್ತೆ ಅಂತ ಸಮ ಮಾಡ್ಸಿ ಮೊದಲ ಜೋರು ಮಳೆಗೆ ಹಾಲ್‌ನಲ್ಲಿ ಮಗ್ ಹಿಡ್ಕೊಂಡು ನಿಂತಿದ್ದೆ ನಾನು. ಸಮ ಬೇಕೇಬೇಕು ಅಂದ್ರೆ ಬಾಗಿಲ ಮುಂದೆ ಉದ್ದಕ್ಕೂ ಜಾಲರಿ ಚರಂಡಿ ಮಾಡಿಸಿ. ಕಿಟಕಿ ಕೆಳಗೆ ಪ್ಲಗ್ ಪಾಯಿಂಟ್ ಇದ್ರೆ ವೈರ್ ಮೊದಲೇ ಬೇರೆ ಕಡೆ ತಿರುಗಿಸ್ಬಿಡಿ.

ಹಿತ್ಲಬಾಗ್ಲು

ಎಲ್ರಿಗೂ ತುಂಬಾ ಥ್ಯಾಂಕ್ಸ್, ಸಜ್ಜಾ ವಿಷಯ ಓದಿ ಒಂದು ನಿಮಿಷ ಕೈಕಾಲು ತಣ್ಣಗಾಯ್ತು. ಇವತ್ತು ಇಂಜಿನಿಯರ್ ಬಂದು ನೋಡ್ಕೊಂಡು ಹೋದ್ರು. ಚಾನೆಲ್ ಸರಿ ಅಂದ್ರು, ಆದ್ರೆ ಒಂದು ತಕರಾರು ತೆಗೆದ್ರು. 8 ಅಡಿ ಮಾಡಿದ್ರೆ ಹಿತ್ತಲ ಬಲಗಡೆ ಮೂಲೆಗೆ ಒಂದಡಿ ಮೂರಿಂಚು ಗೋಡೆ ಮಾತ್ರ ಉಳಿಯುತ್ತೆ, ಅಷ್ಟು ಸಣ್ಣ ಕಾಲಿನ ಮೇಲೆ ಎರಡೂವರೆ ಟನ್ ಇಳಿಸೋಕೆ ಇಷ್ಟ ಇಲ್ಲ ಅಂತಾರೆ. 6 ಅಡಿ ಬಾಗಿಲು ಮಾಡಿ, ಇಲ್ಲ ಇಡೀ ಬಾಗಿಲನ್ನ ಒಂದೂವರೆ ಅಡಿ ಎಡಕ್ಕೆ ಸರಿಸಿ ಅಂತ. ಎಡಕ್ಕೆ ಸರಿಸಿದ್ರೆ ಕಿಟಕಿ ಇದ್ದ ಜಾಗದ ಬಲ ತುದಿ ಹೊಸ ಇಟ್ಟಿಗೆಲಿ ಮುಚ್ಚಬೇಕಾಗಲ್ವಾ, ಅದು ಗಟ್ಟಿ ಇರುತ್ತಾ?

ಲೆಕ್ಕದಪುಸ್ತಕ

ಒಂದೂವರೆ ಅಡಿ ಸರಿಸಿದ್ರೂ ಕಿಟಕಿಯ ಬಲ ಅಂಚು ಇನ್ನೂ ಬಾಗಿಲ ಒಳಗೇ ಅರ್ಧ ಅಡಿ ಉಳಿಯುತ್ತಲ್ಲ ಮೇಡಂ, ಬಾಗಿಲು ಕಿಟಕಿಗಿಂತ ಬಲಕ್ಕೆ ಎರಡು ಅಡಿ ಜಾಸ್ತಿ ಇತ್ತು. ಮುಚ್ಚೋದು ಏನೂ ಇಲ್ಲ, ಲಿಂಟೆಲ್ ಕೂರೋದು ಹಳೇ ಗೋಡೆ ಮೇಲೇ. ಆದ್ರೆ ಹಳೇ ಲಿಂಟೆಲ್‌ನ ಬಲ ತುದಿ ಆ ಗೋಡೆ ಕಡೆಗೆ ಚಾಚಿರುತ್ತೆ, ಅದನ್ನ ತೆಗೆದಾಗ ಬೆಡ್ ಬ್ಲಾಕ್ ಕೂರೋ ಇಟ್ಟಿಗೆ ಸಡಿಲ ಆಗಿದ್ರೆ ಎರಡು ಮೂರು ವರಸೆ ಬಿಚ್ಚಿ ಹೊಸದಾಗಿ ಕಟ್ಸಿ, ಗಟ್ಟಿಯಾಗೋಕೆ ಒಂದು ವಾರ ಬಿಟ್ಟು ಆಮೇಲೆ ಬ್ಲಾಕ್ ಇಡಿ.

ಗಾರೆಕೈ

ಎಡಕ್ಕೆ ಸರಿಸೋದೇ ಸರಿ. 27 ಅಡಿ ಗೋಡೆಲಿ ಜಾಗಕ್ಕೇನು ಬರ. ಅಂಗಡಿಗೆ ಹೇಳ್ವಾಗ ಚಾನೆಲ್ ಉದ್ದ 8 ಅಡಿ ಅಂತ ಹೇಳ್ಬಿಟ್ಟೀರ, ಎರಡೂ ಕಡೆ ಕೂರೋದು ಸೇರಿಸಿ ಒಂಬತ್ತೂವರೆ ಅಡಿ ಹೇಳಿ.

ಹಿತ್ಲಬಾಗ್ಲು

ಹೇಳೇಬಿಟ್ಟಿದ್ದೆ 8 ಅಂತ 😅 ಈಗಲೇ ಫೋನ್ ಮಾಡ್ತೀನಿ.